ಆ 80 ಬರೆದವರು ಯಾರು?

(1/8)
ಹೊಸದಾಗಿ ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಆಡೋಕೆ ಕೂತವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಕೆಲಸ ಮಾಡ್ತಾರೆ. ಆಟಗಾರರ ಪಟ್ಟಿ ತೆಗೀತಾರೆ, "ಪೊಟೆನ್ಷಿಯಲ್" ಅನ್ನೋ ಕಾಲಮ್ ಮೇಲೆ ಒಂದು ಕ್ಲಿಕ್, ದೊಡ್ಡ ನಂಬರ್‌ಗಳು ಮೇಲೆ ಬರ್ತವೆ. ಮೇಲಿನ ಹತ್ತು ಹುಡುಗರನ್ನ ಹೇಗಾದ್ರೂ ತಮ್ಮ ಟೀಮಿಗೆ ಎಳ್ಕೊಳ್ಳೋಕೆ ಹೊರಡ್ತಾರೆ. 28 ವರ್ಷದ, ದಿನಾ ಮೈದಾನಕ್ಕಿಳಿದು ಗೆಲ್ಲಿಸೋ ಶಾರ್ಟ್‌ಸ್ಟಾಪ್‌ನ ಕೊಟ್ಟುಬಿಟ್ಟು, 18 ವರ್ಷದ "80" ಒಬ್ಬನನ್ನ ತರ್ತಾರೆ. ಮೂರು ಸೀಸನ್ ಆದ್ಮೇಲೆ ಆ 80 ಅನ್ನೋದು 50 ಆಗಿರತ್ತೆ, ಆ ಹುಡುಗ ಇನ್ನೂ ಡಬಲ್-ಎ ಲೀಗ್‌ನಲ್ಲೇ ಒದ್ದಾಡ್ತಿರ್ತಾನೆ. ಆಮೇಲೆ ನಮಗೆ ಇನ್‌ಬಾಕ್ಸ್‌ಗೆ ಬರೋ ಮೆಸೇಜ್: "ಗುರೂ, ಈ ಗೇಮ್ ಮೋಸ."

ಮೋಸ ಏನಿಲ್ಲ. ಆ ನಂಬರ್ ಏನು ಹೇಳ್ತಿತ್ತು ಅಂತ ಯಾರೂ ಓದ್ಲಿಲ್ಲ, ಅಷ್ಟೇ. ಈ ಸಲದ ಸರಣಿ ಪೂರ್ತಿ ಅದ್ರ ಬಗ್ಗೆನೇ. ನನ್ನ ವಾದ ಮೊದಲೇ ಹೇಳ್ಬಿಡ್ತೀನಿ: ಪೊಟೆನ್ಷಿಯಲ್ ಆಟಗಾರನ ಮೈಯೊಳಗೆ ಇರೋ ವಸ್ತು ಅಂತ ತಿಳ್ಕೊಂಡ್ರೆ ಎಡವೋದು ಗ್ಯಾರಂಟಿ. ನಿಮ್ಮ ಸ್ಕ್ರೀನ್ ಮೇಲೆ ಕಾಣೋದು ಒಬ್ಬ ಸ್ಕೌಟ್, ಒಂದು ದಿನ, ತನಗೆ ಕಂಡಷ್ಟನ್ನ ಬರೆದಿಟ್ಟ ಚೀಟಿ.

(2/8)
ಮೊದಲು ಅಳತೆಕೋಲು ಸರಿ ಮಾಡ್ಕೊಳ್ಳೋಣ, ಯಾಕಂದ್ರೆ ನಮ್ಮವರಿಗೆ ಇಲ್ಲೇ ಎಡವಟ್ಟಾಗೋದು.

ನಾವು ಓದುವಾಗ ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸು, 60ಕ್ಕೆ ಫಸ್ಟ್ ಕ್ಲಾಸು, 85 ದಾಟಿದ್ರೆ ಮನೆಯಲ್ಲಿ ಸ್ವೀಟು. ಹಾಗಾಗಿ ಒಬ್ಬ ಆಟಗಾರನ ಮುಂದೆ 50 ಕಂಡ ಕೂಡಲೇ "ಜಸ್ಟ್ ಪಾಸ್" ಅಂತ ಮನಸ್ಸು ಓದ್ಬಿಡತ್ತೆ. ಬೇಸ್‌ಬಾಲ್‌ನವರ ಸ್ಕೇಲ್ ಶುರುವಾಗೋದು 20ಕ್ಕೆ, ಮುಗಿಯೋದು 80ಕ್ಕೆ. ಇದನ್ನ ಸಾಮಾನ್ಯವಾಗಿ ಬ್ರಾಂಚ್ ರಿಕಿ ಹೆಸರಿಗೆ ಜೋಡಿಸ್ತಾರೆ. 1945ರಲ್ಲಿ ಜಾಕಿ ರಾಬಿನ್ಸನ್‌ಗೆ ಸಹಿ ಹಾಕಿಸಿದ ಡಾಡ್ಜರ್ಸ್ ತಂಡದ ಮುಖ್ಯಸ್ಥ ಅದೇ ರಿಕಿ. ಸ್ಕೌಟ್‌ಗಳು ಇವತ್ತಿಗೂ ಇದೇ ಭಾಷೆ ಮಾತಾಡ್ತಾರೆ.

ಇಲ್ಲಿ 50 ಅಂದ್ರೆ ಮೇಜರ್ ಲೀಗ್‌ನ ಸರಾಸರಿ ಆಟಗಾರ. ಸರಾಸರಿ ಅಂದ ಕೂಡಲೇ ಮೂಗು ಮುರೀಬೇಡಿ. ಜಗತ್ತಿನ ಅತ್ಯುತ್ತಮ ಲೀಗ್‌ನ ಸರಾಸರಿ ಅದು. 30 ತಂಡ, ತಂಡಕ್ಕೆ 26 ಜನ, ಒಟ್ಟು 780 ಜಾಗ. ಅಷ್ಟರೊಳಗೆ ಮಧ್ಯದಲ್ಲಿ ನಿಂತವನು ಸಣ್ಣ ಆಸಾಮಿ ಅಲ್ಲ. ಸ್ಕೇಲ್‌ನ ಹಿಂದಿನ ಲೆಕ್ಕ ಏನಂದ್ರೆ ಪ್ರತಿ 10 ಅಂಕ ಅಂದ್ರೆ ಒಂದು ಸ್ಟಾಂಡರ್ಡ್ ಡಿವಿಯೇಷನ್. ಸ್ಟಾಟಿಸ್ಟಿಕ್ಸ್ ಓದಿದವರಿಗೆ ತಕ್ಷಣ ಹೊಳೆಯತ್ತೆ: 40ರಿಂದ 60ರ ಒಳಗೆ ಸುಮಾರು ಮೂರನೇ ಎರಡು ಭಾಗ ಜನ ಬಂದುಬಿಡ್ತಾರೆ. 70 ದಾಟೋರು ನೂರಕ್ಕೆ ಇಬ್ಬರು ಮೂವರು. 80 ಅಂದ್ರೆ ಸಾವಿರಕ್ಕೆ ಒಬ್ಬನೋ ಇಬ್ಬರೋ.

ಹಾಗಿರೋವಾಗ ನಿಮ್ಮ ಡ್ರಾಫ್ಟ್ ಪಟ್ಟಿಯಲ್ಲಿ ಹೈಸ್ಕೂಲ್ ಮುಗಿಸಿದ ಹುಡುಗರ ಮುಂದೆ ನಾಲ್ಕೈದು 80 ಕಂಡ್ರೆ ಖುಷಿ ಪಡೋ ಮುಂಚೆ ಒಂಚೂರು ಅನುಮಾನ ಬರಬೇಕು. ಅಷ್ಟೊಂದು 80 ಒಂದೇ ವರ್ಷ ಹುಟ್ಟಲ್ಲ ಸ್ವಾಮಿ.

(3/8)
ಈಗ ತಲೆಬರಹದ ಪ್ರಶ್ನೆಗೆ ಬರೋಣ. ಬರೆದವರು ಯಾರು?

ಗೇಮ್‌ನೊಳಗೆ ಪ್ರತಿ ಆಟಗಾರನಿಗೂ ಒಂದು ನಿಜವಾದ ರೇಟಿಂಗ್ ಇದೆ, ಅದು ನಮಗೆ ಕಾಣಲ್ಲ. ನಮಗೆ ಕಾಣೋದು ನಮ್ಮ ಸ್ಕೌಟಿಂಗ್ ಡೈರೆಕ್ಟರ್ ಕೊಟ್ಟ ಅಂದಾಜು. ಅವನಿಗೂ ಅವನದೇ ಗುಣ ದೋಷ ಇವೆ. ಮೇಜರ್ ಲೀಗ್ ಆಟಗಾರರನ್ನ ಚೆನ್ನಾಗಿ ಅಳೆಯೋನು ಕಾಲೇಜು ಹುಡುಗರ ವಿಷಯದಲ್ಲಿ ಕುರುಡ ಆಗಿರಬಹುದು. ನೀವು ಸ್ಕೌಟಿಂಗ್ ಬಜೆಟ್ ಎಲ್ಲಿಗೆ ಹಂಚ್ತೀರ ಅನ್ನೋದ್ರ ಮೇಲೂ ಕಣ್ಣು ಎಷ್ಟು ಚುರುಕು ಅನ್ನೋದು ನಿಂತಿದೆ. ಡ್ರಾಫ್ಟ್‌ಗೆ ದುಡ್ಡೇ ಹಾಕದೆ ಡ್ರಾಫ್ಟ್ ಪಟ್ಟಿ ನಂಬೋದು ಅಂದ್ರೆ ಕನ್ನಡಕ ತೆಗೆದಿಟ್ಟು ಬಸ್ಸಿನ ಬೋರ್ಡ್ ಓದಿದ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. ಸ್ಕೌಟ್‌ನ ಪ್ರೊಫೈಲ್ ತೆಗೆದು ನೋಡಿ, ಅವನ ಒಲವು ಅಲ್ಲೇ ಬರೆದಿರತ್ತೆ. ಕೆಲವರು "ಟೂಲ್ಸ್" ಕಡೆಯವರು, ಕೆಲವರು "ಎಬಿಲಿಟಿ" ಕಡೆಯವರು. ಟೂಲ್ಸ್ ಅಂದ್ರೆ ಮೈಕಟ್ಟು, ವೇಗ, ತೋಳಿನ ಬಲ, ಮುಂದೆ ಏನಾಗಬಹುದು ಅನ್ನೋ ಕನಸು. ಎಬಿಲಿಟಿ ಅಂದ್ರೆ ಇವತ್ತು ಏನು ಮಾಡ್ತಾನೆ ಅನ್ನೋದು. ಟೂಲ್ಸ್ ಪ್ರಿಯ ಸ್ಕೌಟ್ ಒಬ್ಬ ಓಡೋ, ಎತ್ತರದ ಹುಡುಗನ್ನ ಕಂಡ್ರೆ ಪೊಟೆನ್ಷಿಯಲ್ ಧಾರಾಳವಾಗಿ ಬರೀತಾನೆ. ಅದು ಸುಳ್ಳಲ್ಲ, ಅವನ ಕಣ್ಣೇ ಹಾಗೆ. ಓದೋರಿಗೆ ಅದು ಗೊತ್ತಿರಬೇಕು, ಅಷ್ಟೇ.

ಎರಡನೇ ಅಭಿಪ್ರಾಯ ಬೇಕಾ? ಗೇಮ್ ತಾನೇ ಒಂದು ತಟಸ್ಥ ಸ್ಕೌಟಿಂಗ್ ಸಂಸ್ಥೆ ಇಟ್ಟಿದೆ, ಓಎಸ್ಎ ಅಂತ. ಅದರ ರೇಟಿಂಗ್‌ನ ಪಕ್ಕದಲ್ಲೇ ಇಟ್ಟು ನೋಡಬಹುದು. ನಾನಂತೂ ಎರಡರ ಸರಾಸರಿ ತೆಗೆಯೋ ಗೋಜಿಗೆ ಹೋಗಲ್ಲ. ನನಗೆ ಬೇಕಾಗಿರೋದು ವ್ಯತ್ಯಾಸ. ನಮ್ಮವನು 70 ಅಂತಾನೆ, ಓಎಸ್ಎ 50 ಅಂತದೆ ಅಂದ್ರೆ ಆ ಹುಡುಗನ ವಿಷಯದಲ್ಲಿ ಯಾರಿಗೂ ಸರಿಯಾಗಿ ಏನೂ ಗೊತ್ತಿಲ್ಲ ಅಂತ ಅರ್ಥ. ಇಬ್ಬರೂ 60 ಅಂದ್ರೆ, ಆ ಬರೀ 60 ನನಗೆ ಆ 70ಗಿಂತ ಇಷ್ಟ.

ಇದ್ರ ಪುರಾವೆ ಬೇಕಂದ್ರೆ ಸ್ಕೌಟಿಂಗ್ ಡೈರೆಕ್ಟರ್‌ನ ಬದಲಾಯಿಸಿ ನೋಡಿ. ಅದೇ ಹುಡುಗರು, ಅದೇ ಮೈದಾನ, ನಂಬರ್ ಮಾತ್ರ ಬೇರೆ.

(4/8)
ಸ್ಟಾರ್‌ಗಳ ಬಗ್ಗೆ ಚಿಕ್ಕದಾಗಿ. ಅವು ಹೋಲಿಕೆಯ ಲೆಕ್ಕ. ಯಾವ ಲೀಗ್, ಯಾವ ಪೊಸಿಷನ್ ಅನ್ನೋದು ಬಿಟ್ಟು ಸ್ಟಾರ್ ಎಣಿಸಿದ್ರೆ ಅರ್ಥನೇ ಇಲ್ಲ. ಐದು ಸ್ಟಾರ್‌ನ ರಿಲೀಫ್ ಪಿಚರ್ ಒಂದು ಪಂದ್ಯದಲ್ಲಿ ಒಂದು ಇನ್ನಿಂಗ್ಸ್ ಹಾಕಿ ಹೋಗ್ತಾನೆ. ಮೂರೂವರೆ ಸ್ಟಾರ್‌ನ ಸ್ಟಾರ್ಟರ್ ಆರು ಇನ್ನಿಂಗ್ಸ್ ಹೊರ್ತಾನೆ. ವರ್ಷದ ಕೊನೆಗೆ ಯಾರು ಹೆಚ್ಚು ಕೆಲಸ ಮಾಡಿದ್ದಾರೆ ಅಂತ ನೀವೇ ಲೆಕ್ಕ ಹಾಕಿ. ಹಾಗೇ, ಕಾಲ್ಪನಿಕ ಲೀಗ್ ಆಡೋರು ನೆನಪಿಟ್ಕೊಳ್ಳಿ: ಸುತ್ತಲಿನ ಆಟಗಾರರ ಮಟ್ಟ ಮೇಲಕ್ಕೆ ಹೋದ್ರೆ ನಿಮ್ಮವನು ಏನೂ ಕಳ್ಕೊಳ್ಳದೇನೇ 60ರಿಂದ 55ಕ್ಕೆ ಇಳೀಬಹುದು. ರೈಲು ನಿಂತಿದೆ, ಪಕ್ಕದ ರೈಲು ಹೊರಟಿದೆ.

(5/8)
ಒಟ್ಟು ನಂಬರ್ ಬಿಟ್ಟು ಒಳಗೆ ಇಳೀರಿ. ಅಸಲಿ ಕಥೆ ಅಲ್ಲಿದೆ.

ಬ್ಯಾಟ್ ಬೀಸೋರಿಗೆ ಕಾಂಟ್ಯಾಕ್ಟ್, ಗ್ಯಾಪ್, ಪವರ್, ಐ, ಅವಾಯ್ಡ್ ಕೆ ಅಂತ ಬೇರೆಬೇರೆ ರೇಟಿಂಗ್ ಇರತ್ತೆ. ಇದ್ರಲ್ಲಿ ಕಾಂಟ್ಯಾಕ್ಟ್ ಒಂದು ಮಿಶ್ರಣ. ಸ್ಟ್ರೈಕ್‌ಔಟ್ ಎಷ್ಟು ತಪ್ಪಿಸ್ತಾನೆ ಅನ್ನೋದೂ, ಬ್ಯಾಟಿಗೆ ತಗುಲಿದ ಚೆಂಡು ಎಷ್ಟು ಸಲ ಹಿಟ್ ಆಗತ್ತೆ ಅನ್ನೋದೂ ಅದ್ರೊಳಗೆ ಸೇರಿದೆ. ಇಬ್ಬರನ್ನ ಊಹಿಸ್ಕೊಳ್ಳಿ. ಒಬ್ಬನದು ಕಾಂಟ್ಯಾಕ್ಟ್ 60, ಪವರ್ 35, ಐ 35. ಇನ್ನೊಬ್ಬನದು ಕಾಂಟ್ಯಾಕ್ಟ್ 45, ಪವರ್ 65, ಐ 60. ಮೊದಲನೆಯವನ ಬ್ಯಾಟಿಂಗ್ ಆವರೇಜ್ ನೋಡೋಕೆ ಚೆಂದ ಇರತ್ತೆ, ಜನಕ್ಕೂ ಇಷ್ಟ ಆಗ್ತಾನೆ. ಎರಡನೆಯವನು ವಾಕ್ ತಗೊಂಡು ಬೇಸ್ ಸೇರ್ತಾನೆ, ಮಧ್ಯೆ ಮಧ್ಯೆ ಚೆಂಡನ್ನ ಬೇಲಿಯಾಚೆ ಕಳಿಸ್ತಾನೆ. ರನ್ ಬೇಕಂದ್ರೆ ನಾನು ಕಣ್ಣುಮುಚ್ಚಿ ಎರಡನೆಯವನನ್ನ ತಗೋತೀನಿ. ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಣ್ಣಿಗೆ ವಾಕ್ ಅನ್ನೋದು ಏನೋ ಬಿಟ್ಟಿ ಸಿಕ್ಕಿದ ವೈಡ್ ತರ ಕಾಣತ್ತೆ. ಬೇಸ್‌ಬಾಲ್‌ನಲ್ಲಿ ಅದು ಗಳಿಸಿದ್ದು. ಕೆಟ್ಟ ಚೆಂಡು ಬಿಡೋದೂ ಒಂದು ಕಲೆ ಅಂತ ಬೆಂಗಳೂರಿನವರಿಗೆ ನಾನು ಹೇಳ್ಬೇಕಾ, ದ್ರಾವಿಡ್ ಬಿಟ್ಟ ಚೆಂಡುಗಳಿಗೂ ಚಪ್ಪಾಳೆ ಹೊಡೆದ ಊರು.

ಪಿಚರ್‌ಗಳಿಗೆ ಸ್ಟಫ್, ಮೂವ್‌ಮೆಂಟ್, ಕಂಟ್ರೋಲ್. ಸ್ಟಫ್ ಎಲ್ಲರ ಕಣ್ಣಿಗೆ ಬೀಳತ್ತೆ, ಯಾಕಂದ್ರೆ ಸ್ಟ್ರೈಕ್‌ಔಟ್ ತರೋದು ಅದು. ಮೂವ್‌ಮೆಂಟ್ ಪಾಪ, ಯಾರೂ ಕೇಳಲ್ಲ. ಹೋಮ್ ರನ್ ಬಿಟ್ಟುಕೊಡದೆ ಇರೋದು ಅದ್ರ ಕೆಲಸ. ಸ್ಟಫ್ 70, ಕಂಟ್ರೋಲ್ 35 ಇರೋ ಹುಡುಗನ ಪೊಟೆನ್ಷಿಯಲ್ ಎಷ್ಟೇ ಹೊಳೀಲಿ, ಆ 35 ಮೇಲೆ ಬರುತ್ತಾ ಅನ್ನೋದ್ರ ಮೇಲೆ ಅವನ ಇಡೀ ಬದುಕು ನಿಂತಿದೆ. ಜೊತೆಗೆ ಸ್ಟ್ಯಾಮಿನಾ ಇದೆಯಾ, ಕನಿಷ್ಠ ಮೂರು ಒಳ್ಳೆ ಪಿಚ್ ಇವೆಯಾ ನೋಡಿ. ಇಲ್ಲ ಅಂದ್ರೆ ಅವನು ಕೊನೆಗೆ ಹೋಗಿ ಸೇರೋದು ಬುಲ್‌ಪೆನ್‌ಗೆ.

(6/8)
ಸರಿ, ಸ್ಕೌಟ್ ಕರೆಕ್ಟಾಗೇ ಅಳೆದಿದ್ದಾನೆ ಅಂತಿಟ್ಕೊಳ್ಳಿ. ಆಗಲೂ ಪೊಟೆನ್ಷಿಯಲ್ ಗ್ಯಾರಂಟಿ ಕಾರ್ಡ್ ಅಲ್ಲ. ಗೇಮ್‌ನಲ್ಲಿ "ಟ್ಯಾಲೆಂಟ್ ಚೇಂಜ್ ರ‍್ಯಾಂಡಮ್‌ನೆಸ್" ಅಂತ ಒಂದು ಸೆಟ್ಟಿಂಗ್ ಇದೆ, ಮಾಮೂಲಿ ಬೆಲೆ 100. ಆಟಗಾರನ ಪ್ರತಿಭೆನೇ ಕಾರಣ ಕೊಡದೆ ಏರೋದು ಇಳಿಯೋದು ಎಷ್ಟು ಅನ್ನೋದನ್ನ ಅದು ನಿರ್ಧರಿಸತ್ತೆ. ಇದ್ರ ಮೇಲೆ ಗಾಯ, ಕೋಚ್, ಆಡೋಕೆ ಸಿಗೋ ಅವಕಾಶ, ತೀರ ಬೇಗ ಮೇಲಿನ ಲೀಗ್‌ಗೆ ತಳ್ಳಿದ್ರಾ ಅನ್ನೋದು, ಅವನ ವರ್ಕ್ ಎಥಿಕ್, ಬುದ್ಧಿ. ಎಷ್ಟೋ ಜನ ಪೊಟೆನ್ಷಿಯಲ್ ನೋಡಿದವರು ಪರ್ಸನಾಲಿಟಿ ಸಾಲಿನ ತನಕ ಕಣ್ಣೇ ಇಳಿಸಲ್ಲ.

ಇದನ್ನ ಅನ್ಯಾಯ ಅನ್ನೋರಿಗೆ ನಾನು ತೋರಿಸೋದು ನಿಜವಾದ ಬೇಸ್‌ಬಾಲ್‌ನ.

1991ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆ ಬ್ರಿಯನ್ ಟೇಲರ್, ಎಡಗೈ ಪಿಚರ್, ಯಾಂಕೀಸ್ ತಗೊಂಡ್ರು. 1993ರ ಡಿಸೆಂಬರ್‌ನಲ್ಲಿ ಒಂದು ಜಗಳದಲ್ಲಿ ಭುಜಕ್ಕೆ ಪೆಟ್ಟು ಬಿತ್ತು. ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಚೆಂಡು ಹಾಕ್ಲಿಲ್ಲ. 2013ರಲ್ಲಿ ಹ್ಯೂಸ್ಟನ್ ಮೊದಲ ಆಯ್ಕೆಯಾಗಿ ಮಾರ್ಕ್ ಅಪೆಲ್‌ನ ತಗೊಂಡಿತು. ಅವನ ಹಿಂದೆನೇ ಎರಡನೆಯವನಾಗಿ ಹೋದ ಕ್ರಿಸ್ ಬ್ರಯಂಟ್ 2016ರಲ್ಲಿ ನ್ಯಾಷನಲ್ ಲೀಗ್‌ನ ಎಂವಿಪಿ. ಅಪೆಲ್ 2018ರಲ್ಲಿ ಆಟನೇ ಬಿಟ್ಟ. ಆಮೇಲೆ ವಾಪಸ್ ಬಂದು, 2022ರ ಜೂನ್‌ನಲ್ಲಿ, 30ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾ ಪರವಾಗಿ ಮೇಜರ್ ಲೀಗ್‌ನಲ್ಲಿ ಚೆಂಡು ಹಾಕಿದ. ಇವರಿಗೆ ಅಲ್ಲಿನವರು "ಬಸ್ಟ್" ಅಂತಾರೆ. ನನಗೆ ಆ ಪದ ಸೇರಲ್ಲ. ನಂಬರ್ ಬರೆದೋರು ಬೇರೆ ಯಾರೋ, ಬೈಸ್ಕೊಳ್ಳೋನು ಆ ಹುಡುಗ. ಯಾವ ನ್ಯಾಯ ಇದು?

ಉಲ್ಟಾ ಕಥೆನೂ ಇದೆ. 1988ರಲ್ಲಿ ಡಾಡ್ಜರ್ಸ್ 62ನೇ ಸುತ್ತಿನಲ್ಲಿ, 1390ನೆಯವನಾಗಿ, ಮೈಕ್ ಪಿಯಾಝಾನ ತಗೊಂಡ್ರು. ಅದೂ ಅವನ ಅಪ್ಪನ ಸ್ನೇಹಿತ, ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಮಾತಿಗೆ ಕಟ್ಟುಬಿದ್ದು. ಆತ 427 ಹೋಮ್ ರನ್ ಹೊಡೆದ, ಅದ್ರಲ್ಲಿ 396 ಕ್ಯಾಚರ್ ಆಗಿ ಆಡ್ತಾ. 2016ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದ. ಅದೇ ದಿನ ಅವನ ಪಕ್ಕದಲ್ಲಿ ನಿಂತಿದ್ದು ಕೆನ್ ಗ್ರಿಫಿ ಜೂನಿಯರ್, 1987ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆ. ಒಬ್ಬ 1, ಇನ್ನೊಬ್ಬ 1390. ಒಂದೇ ವೇದಿಕೆ.

ಅಂದ್ರೆ ಸ್ಕೌಟ್‌ಗಳೆಲ್ಲ ದಂಡ ಅಂತ ಅಲ್ಲ. ಗ್ರಿಫಿ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ನಿಜ ಆಯ್ತಲ್ಲ. ಮೇಲೆ ಹೋದವರಲ್ಲಿ ಗೆಲ್ಲೋರು ಹೆಚ್ಚು, ಕೆಳಗೆ ಹೋದವರಲ್ಲಿ ಕಡಿಮೆ. ಆದ್ರೆ ಆ "ಹೆಚ್ಚು" "ಕಡಿಮೆ"ಗಳ ಒಳಗೆ ಒಬ್ಬೊಬ್ಬ ಹುಡುಗನ ಬದುಕು ಯಾವ ಕಡೆಗೂ ಹೋಗಬಹುದು, ಆ ಜಾಗನ ಗೇಮ್ ಪ್ರಾಮಾಣಿಕವಾಗಿ ಬಿಟ್ಟಿದೆ.

(7/8)
ನಮ್ಮ ದೇಶದ್ದೂ ಒಂದು ಉದಾಹರಣೆ ಇದೆ. 2008ರ "ಮಿಲಿಯನ್ ಡಾಲರ್ ಆರ್ಮ್" ಸ್ಪರ್ಧೆ. ಭಾರತದಲ್ಲೆಲ್ಲ ಹುಡುಗರ ಕೈಗೆ ಬೇಸ್‌ಬಾಲ್ ಕೊಟ್ಟು, ಗನ್ ಹಿಡಿದು ವೇಗ ಅಳೆದ್ರು. ಆರಿಸಿ ಬಂದ ರಿಂಕು ಸಿಂಗ್ (ಕೆಕೆಆರ್ ರಿಂಕು ಅಲ್ಲ), ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಹುಡುಗರು, ಬೇಸ್‌ಬಾಲೇ ಆಡಿದವರಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರಿಗೂ ಸಹಿ ಹಾಕಿಸಿತು. ಡಿಸ್ನಿಯವರು 2014ರಲ್ಲಿ ಸಿನಿಮಾನೂ ಮಾಡಿದ್ರು.

ಟೂಲ್ಸ್ ಸ್ಕೌಟಿಂಗ್ ಅಂದ್ರೆ ಏನು ಅಂತ ಇದಕ್ಕಿಂತ ಶುದ್ಧವಾಗಿ ತೋರಿಸೋ ಕಥೆ ಇಲ್ಲ. ತೋಳು ಒಂದನ್ನ ಅಳೆದ್ರು, ಉಳಿದಿದ್ದೆಲ್ಲ ಪೊಟೆನ್ಷಿಯಲ್. ದಿನೇಶ್ 2010ರ ಹೊತ್ತಿಗೆ ಮನೆಗೆ ಮರಳಿದ. ರಿಂಕು ಮೈನರ್ ಲೀಗ್‌ಗಳಲ್ಲಿ ಕೆಲವು ವರ್ಷ ನಿಜಕ್ಕೂ ಪಿಚ್ ಮಾಡಿದ, ಆಮೇಲೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದ. ಮೇಜರ್ ಲೀಗ್‌ಗೆ ಇಬ್ಬರೂ ಮುಟ್ಟಲಿಲ್ಲ. ಆದ್ರೂ ಅದನ್ನ ಸೋಲು ಅನ್ನೋಕೆ ನನಗೆ ಮನಸ್ಸು ಬರಲ್ಲ. ಶೂನ್ಯದಿಂದ ಶುರು ಮಾಡಿ ವೃತ್ತಿಪರ ಬ್ಯಾಟರ್‌ಗಳನ್ನ ಔಟ್ ಮಾಡೋ ತನಕ ಹೋಗೋದು ಗೇಮ್ ಭಾಷೆಯಲ್ಲಿ ದೊಡ್ಡ ಜಿಗಿತ. ಪಟ್ಟಿಯ ಮೇಲ್ತುದಿ ಮಾತ್ರ ನೋಡೋರಿಗೆ ಅದು ಕಾಣಲ್ಲ.

(8/8)
ಹಾಗಾದ್ರೆ ಸ್ಕೌಟಿಂಗ್ ಅಕ್ಯುರೆಸಿ 100%ಗೆ ಇಟ್ಟು ಆಡಿದ್ರೆ ಆಯ್ತಲ್ಲ ಅಂತ ಕೇಳ್ತೀರ. ಆಪ್ಷನ್ ಇದೆ, ಹಾಗೆ ಆಡೋರೂ ಇದ್ದಾರೆ. ಕೆಲಸ, ಮನೆ, ಮಕ್ಕಳ ಮಧ್ಯೆ ವಾರಕ್ಕೆ ಎರಡು ಗಂಟೆ ಸಿಗೋರಿಗೆ ಎಲ್ಲಾ ಚೀಟಿ ತೆರೆದಿಟ್ಟು ಆಡೋದು ಆರಾಮ, ಅವರನ್ನ ನಾನು ಬೈಯಲ್ಲ. ಆದ್ರೆ ನನ್ನ ಮಟ್ಟಿಗೆ ಅದು ಬೇರೆ ಆಟ. ಎಲ್ಲರ ಎಲೆನೂ ಕಾಣೋ ಹಾಗೆ ಇಸ್ಪೀಟ್ ಆಡಿದಂತೆ. ಜನರಲ್ ಮ್ಯಾನೇಜರ್ ಕೆಲಸದ ರುಚಿ ಇರೋದೇ ಗೊತ್ತಿಲ್ಲದಿರೋದ್ರಲ್ಲಿ. ಹಾಗೇ ರ‍್ಯಾಂಡಮ್‌ನೆಸ್ ಸೊನ್ನೆಗೆ ಇಳಿಸಿ ಅಂತ ಹೇಳೋರ ಜೊತೆಗೂ ನನ್ನ ತಕರಾರಿದೆ. ಪಿಯಾಝಾ ಹುಟ್ಟೋಕೆ ಸಾಧ್ಯನೇ ಇಲ್ಲದ ಬೇಸ್‌ಬಾಲ್ ಯಾರಿಗೆ ಬೇಕು?

ನಾರ್ಮಲ್‌ಗೆ ಇಡಿ. ಕಲಿತ ಮೇಲೆ ಲೋ.

ಆಮೇಲೆ ಓದೋ ಕ್ರಮ. ನಾನು ಮೊದಲು ನೋಡೋದು ವಯಸ್ಸು, ಆಮೇಲೆ ಇವತ್ತಿನ ರೇಟಿಂಗ್‌ಗೂ ಪೊಟೆನ್ಷಿಯಲ್‌ಗೂ ಇರೋ ಅಂತರ. 17ರ ಹುಡುಗ 25ರಲ್ಲಿದ್ದು 70 ಆಗ್ತಾನೆ ಅಂತಾರೆ, 22ರವನು 50ರಲ್ಲಿದ್ದು 60 ಆಗ್ತಾನೆ ಅಂತಾರೆ. ಎರಡನೆಯವನಿಗೆ ಇನ್ನು ಹತ್ತು ಮೆಟ್ಟಿಲು ಬಾಕಿ, ಮೊದಲನೆಯವನಿಗೆ ನಲವತ್ತೈದು, ಪ್ರತಿ ಮೆಟ್ಟಿಲಲ್ಲೂ ಕಾಲು ಜಾರಬಹುದು. ನನ್ನ ಓಟು ಸದಾ 22ರವನಿಗೆ. ಮೊದಲನೆಯವನು ಇನ್ನೊಬ್ಬ ಮ್ಯಾನೇಜರ್‌ಗೆ ತುಂಬಾ ಇಷ್ಟ ಆಗಿದ್ರೆ ಇನ್ನೂ ಒಳ್ಳೇದು: ಪೊಟೆನ್ಷಿಯಲ್ 70 ಅಂತ ತೋರಿಸ್ತಿರೋವಾಗ್ಲೇ ಮಾರೋದು ತಪ್ಪೇನಲ್ಲ.

ಮೂರನೇದು, ಅಂಕಿಅಂಶ. ರೇಟಿಂಗ್ ಒಬ್ಬನ ಹೇಳಿಕೆಯಾದ್ರೆ ಸ್ಟಾಟ್ಸ್ ಎರಡನೇ ಸಾಕ್ಷಿ. ಒಂದು ತಿಂಗಳ ಬ್ಯಾಟಿಂಗ್ ಆವರೇಜ್ ನಂಬಬೇಡಿ. ಒಂದಿಡೀ ಸೀಸನ್‌ನ ವಾಕ್ ಮತ್ತು ಸ್ಟ್ರೈಕ್‌ಔಟ್ ನಂಬಬಹುದು. ಆಡಿದ ಜಾಗ ನೋಡೋದು ಮರೀಬೇಡಿ: ಪೆಸಿಫಿಕ್ ಕೋಸ್ಟ್ ಲೀಗ್‌ನ ಆಲ್ಬುಕರ್ಕ್‌ನಂಥ ಎತ್ತರದ ಊರಲ್ಲಿ ಗಾಳಿ ತೆಳು, ಚೆಂಡು ಹಾರತ್ತೆ, ಅಲ್ಲಿ ಎಲ್ಲಾ ಹಿಟರ್‌ಗಳೂ ರಾಜರು, ಪಿಚರ್‌ಗಳ ಗತಿ ದೇವರೇ ಕಾಪಾಡ್ಬೇಕು. ಅಲ್ಲಿ ಸುಮಾರಾಗಿ ಹಾಕಿದ ಪಿಚರ್ ಒಬ್ಬ ಸಿಕ್ಕರೆ ಬಿಡಬೇಡಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಸೇವ್ ತೆಗೆದು ಟಾಪ್ ಪ್ರಾಸ್ಪೆಕ್ಟ್ ಮೇಲೆ ಕ್ಲಿಕ್ ಮಾಡಿ, ನಿಮ್ಮ ಸ್ಕೌಟ್ ಬರೆದಿದ್ದನ್ನೂ ಓಎಸ್ಎ ಬರೆದಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಂತರ 15 ದಾಟಿದ್ರೆ ಆ ಹುಡುಗನ್ನ ನಂಬ್ಕೊಂಡು ಈ ಸೀಸನ್‌ನಲ್ಲಿ ನಿಮ್ಮ ಶಾರ್ಟ್‌ಸ್ಟಾಪ್‌ನ ಮಾರಬೇಡಿ.

ಮುಂದಿನ ಸರಣಿ ಬುಲ್‌ಪೆನ್ ಬಗ್ಗೆ. ಸೇವ್ ಮಾಡ್ಕೊಂಡಿರಿ.

#ಬೇಸ್‌ಬಾಲ್ಕನ್ನಡ #ಪ್ರಾಸ್ಪೆಕ್ಟ್‌ಕಥೆ